ದೆವ್ವಕ್ಕೆ ಓದು ಬರುತ್ತದೆಯೇ?



1990ರ ದಶಕದಲ್ಲಿ ಬೆಂಗಳೂರಿನ ಕಡೆಯಿಂದ ಹಬ್ಬಿದ ಒಂದು ಗಾಳಿಸುದ್ದಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ರಾತ್ರಿ ಹೊತ್ತು ದೆವ್ವವೊಂದು ಬೀದಿ ಬೀದಿ ಸುತ್ತುತ್ತದೆ, ಮನೆಯವರಲ್ಲೇ ಯಾರದೋ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ನಮ್ಮವರೇ ಇರಬೇಕೆಂದು ಬಾಗಿಲು ತೆಗೆದವರು ಉಳಿಯುವುದಿಲ್ಲ ಎಂಬುದು ಆ ಸುದ್ದಿ. ಅದಕ್ಕೆ ಜನ ಕಂಡುಕೊಂಡ ಉಪಾಯವೂ ಅಷ್ಟೇ ಸೊಗಸಾಗಿತ್ತು. ಬಾಗಿಲ ಮೇಲೆ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ‘ನಾಳೆ ಬಾ’ ಎಂದು ಬರೆದುಬಿಡುವುದು! ದೆವ್ವ ಅದನ್ನು ಓದಿ ಹಿಂದಿರುಗುತ್ತದೆ; ಮರುದಿನ ಬಂದರೆ ಮತ್ತೆ ಅದೇ ಬರಹ, ಮತ್ತೆ ನಾಳೆ.

ಸುದ್ದಿ ನಮ್ಮ ಊರಿಗೂ ಬಂದಿತ್ತು. ಶಾಲೆಗೆ ನಡೆದು ಹೋಗುವ ದಾರಿಯಲ್ಲಿ ನಾಲ್ಕೈದು ಬಾಗಿಲುಗಳ ಮೇಲೆ ಆ ಎರಡು ಪದಗಳನ್ನು ನಾನೇ ಕಂಡಿದ್ದೆ. ಒಂದು ಮನೆಯಲ್ಲಂತೂ ‘ನಾಳೇ ಭಾ’ ಎಂದು ಬರೆದಿತ್ತು. ದೆವ್ವಕ್ಕಿಂತ ಕಾಗುಣಿತವೇ ನನ್ನನ್ನು ಹೆಚ್ಚು ಬಾಧಿಸಿತೆನ್ನಬೇಕು. ಅಂದು ಒಂಬತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ದೆವ್ವಕ್ಕೆ ಕನ್ನಡ ಓದಕ್ಕೆ ಬರುತ್ತಾ?” ಎಂದು ಕೇಳಿದ. ತರಗತಿ ಘೊಳ್ಳೆಂದಿತು. ನಾನೂ ನಕ್ಕು, ಉತ್ತರ ಹೇಳದೆ, ಬಹಮನಿ ಸುಲ್ತಾನರ ಪಾಠಕ್ಕೆ ಮರಳಿದೆ. ಈಗ ಮೂವತ್ತು ವರ್ಷಗಳ ಮೇಲೆ ಅದೇ ಪ್ರಶ್ನೆ ಬೇರೊಂದು ವೇಷದಲ್ಲಿ ನನ್ನ ಮನೆಯ ಕಪಾಟಿನ ಮುಂದೆ ಬಂದು ನಿಂತಿದೆ. ಈ ಬಾರಿ ಉತ್ತರ ತಪ್ಪಿಸಿಕೊಳ್ಳಲಾಗಲಿಲ್ಲ.

ಕಪಾಟಿನ ಮೇಲಿರುವುದು ರಾಸ್ಪ್‌ಬೆರಿ ಪೈ ಎಂಬ, ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರು. ನಮ್ಮ ಶಾಲೆಯ ಮಕ್ಕಳು 1985ರಿಂದ ವರ್ಷ ವರ್ಷವೂ ತಂದ ಕೈಬರಹದ ಪತ್ರಿಕೆ, ವಾರ್ಷಿಕೋತ್ಸವದ ಮತ್ತು ಬೀಳ್ಕೊಡುಗೆಯ ಗುಂಪುಚಿತ್ರಗಳು, ಇವನ್ನೆಲ್ಲ ಗೆದ್ದಲು ಮುಟ್ಟುವ ಮೊದಲೇ ಉಳಿಸಬೇಕೆಂದು 2020ರ ಲಾಕ್‌ಡೌನ್ ಕಾಲದಲ್ಲಿ ಮೊಬೈಲಿನಲ್ಲಿ ಒಂದೊಂದೇ ಪುಟ ಚಿತ್ರ ತೆಗೆದಿಟ್ಟಿದ್ದೆ. ಅವನ್ನು ಎಲ್ಲರೂ ನೋಡುವಂತೆ ಎಲ್ಲಿಡುವುದು? ಬೇರೆಯವರ ಜಗುಲಿಯಲ್ಲಿ ಸಾಮಾನಿಟ್ಟರೆ ಅವರು ಮನೆ ಮಾರಿದ ದಿನ ನಮ್ಮ ಸಾಮಾನು ಬೀದಿಗೆ ಬೀಳುತ್ತದೆ. ಲಕ್ಷಾಂತರ ಜನ ಬಿಟ್ಟಿಯಾಗಿ ಪುಟ ಕಟ್ಟಿಕೊಂಡಿದ್ದ ಜಿಯೋಸಿಟೀಸನ್ನು ಅದರ ಒಡೆಯರಾಗಿದ್ದ ಯಾಹೂ ಸಂಸ್ಥೆಯವರು 2009ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮುಚ್ಚಿದ್ದನ್ನು ನಾನು ಮರೆತಿರಲಿಲ್ಲ. ಆದ್ದರಿಂದ, ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದಸರಾ ರಜೆಗೆ ಬಂದಾಗ ಅವನನ್ನು ಕೂರಿಸಿಕೊಂಡು, ಮನೆಯಲ್ಲೇ ಒಂದು ಸರ್ವರ್ ನಿಲ್ಲಿಸಿಕೊಂಡೆ. ಸರ್ವರ್ ಎಂದರೆ ಬೇರೇನಲ್ಲ. ಕೇಳಿದವರಿಗೆ ಕೇಳಿದ ಪುಟವನ್ನು ಎತ್ತಿಕೊಡುವ, ರಾತ್ರಿ ಹಗಲೂ ಎಚ್ಚರವಿರುವ ಒಂದು ಯಂತ್ರ. ನಮ್ಮ ಹಳೆಯ ಗ್ರಂಥಾಲಯದ ಸಹಾಯಕನಂತೆ ಎನ್ನಿ, ಆದರೆ ಊಟಕ್ಕೆ ಏಳುವುದಿಲ್ಲ.

ಮನೆಯವರು ಕಸ ಗುಡಿಸುವಾಗ ಪ್ಲಗ್ ಕಿತ್ತಾರೆಂದು ಅದರ ಮೇಲೆ ‘ಆರಿಸಬೇಡಿ’ ಎಂದು ಚೀಟಿ ಅಂಟಿಸಿದ್ದೇನೆ. ಇದರಲ್ಲಿ ನಾನೇನೂ ಮೊದಲಿಗನಲ್ಲ. ಜಗತ್ತಿನ ಮೊದಲ ವೆಬ್ ಸರ್ವರ್ 1990ರ ಕೊನೆಯಲ್ಲಿ ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರ ಸ್ವಂತ ಬಳಕೆಯ ನೆಕ್ಸ್ಟ್ ಕಂಪ್ಯೂಟರಿನಲ್ಲೇ ಓಡುತ್ತಿತ್ತು. ಅದಕ್ಕೂ ಇದು ಸರ್ವರ್, ಆರಿಸಕೂಡದು ಎಂಬರ್ಥದ ಚೀಟಿಯನ್ನು ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದರು. ಎಂದಮೇಲೆ ಜಾಲದ ಇತಿಹಾಸ ಆರಂಭವಾದದ್ದೇ ಒಬ್ಬ ಮನುಷ್ಯನ ಮೇಜಿನ ಮೇಲಿನ ಸ್ವಂತ ಸರ್ವರಿನಿಂದ. 1993ರ ಏಪ್ರಿಲ್ 30ರಂದು ಸರ್ನ್ ಆ ತಂತ್ರವನ್ನು ಯಾರು ಬೇಕಾದರೂ ಬಳಸಬಹುದೆಂದು ಲೋಕಕ್ಕೆ ಬಿಟ್ಟುಕೊಟ್ಟಿತು. ವಿಶ್ವವಿದ್ಯಾಲಯಗಳಲ್ಲಿ, ಕಚೇರಿಗಳಲ್ಲಿ ಆಸಕ್ತರು ತಮ್ಮ ತಮ್ಮ ಯಂತ್ರಗಳನ್ನು ತೆರೆದಿಟ್ಟರು.

ಬೇಡದ ಅತಿಥಿಯೂ ಅದೇ ವರ್ಷ ಬಂದ. 1993ರ ಜೂನ್ ತಿಂಗಳಲ್ಲಿ ಅಮೆರಿಕದ ಎಂಐಟಿಯ ಮ್ಯಾಥ್ಯೂ ಗ್ರೇ ಎಂಬ ತರುಣ, ಜಾಲ ಎಷ್ಟು ದೊಡ್ಡದಾಗಿದೆಯೆಂದು ಅಳೆಯಲು, ‘ವಾಂಡರರ್’ ಅಂದರೆ ಅಲೆಮಾರಿ ಎಂಬ ಕಾರ್ಯಕ್ರಮವೊಂದನ್ನು ಬರೆದ. ಅದು ಒಂದು ಪುಟದಲ್ಲಿರುವ ಕೊಂಡಿಗಳನ್ನು ಹಿಡಿದು ಮತ್ತೊಂದಕ್ಕೆ, ಅಲ್ಲಿಂದ ಮಗದೊಂದಕ್ಕೆ ತಾನೇ ತಾನಾಗಿ ಹೋಗುತ್ತಿತ್ತು. ಜಾಲವೆಂದ ಮೇಲೆ ಜೇಡ ಬೇಡವೇ? ಇಂಥವನ್ನು ಜೇಡ, ರೋಬಾಟ್, ಚಿಕ್ಕದಾಗಿ ಬಾಟ್ ಎಂದು ಕರೆಯುವುದು ವಾಡಿಕೆಯಾಯಿತು. ಆ ಅಲೆಮಾರಿ ಜೂನಿನಲ್ಲಿ ಎಣಿಸಿದ ತಾಣಗಳು 130. ಡಿಸೆಂಬರಿನಲ್ಲಿ 623. ಮರುವರ್ಷದ ಜೂನಿಗೆ 2,738. ಇಡೀ ಜಗತ್ತಿನ ಜಾಲತಾಣಗಳ ಸಂಖ್ಯೆ ನಮ್ಮ ಶಾಲೆಯ ಒಂದು ವರ್ಷದ ದಾಖಲಾತಿಗಿಂತ ಕಡಿಮೆಯಿದ್ದ ಕಾಲವದು! ಆದರೆ ಅಂದಿನ ಯಂತ್ರಗಳೂ ತಂತಿಗಳೂ ಬಡಕಲು. ಒಂದೇ ಪುಟವನ್ನು ಮತ್ತೆ ಮತ್ತೆ ಕೇಳುವ, ಉಸಿರು ಬಿಡದೆ ಸಾಲುಗಟ್ಟಿ ಕೇಳುವ, ಮತ ಹಾಕಲೆಂದು ಇಟ್ಟ ಗುಂಡಿಯನ್ನೂ ಒತ್ತಿಬಿಡುವ ಜೇಡಗಳಿಂದ ಸರ್ವರ್ ಇಟ್ಟವರು ಬೇಸತ್ತರು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ನೆಕ್ಸರ್ ಎಂಬ ಕಂಪನಿಯಲ್ಲಿದ್ದ, ಹಾಲೆಂಡ್ ಮೂಲದ ಮಾರ್ಟಿನ್ ಕೋಸ್ಟರ್ ಅಂಥ ಬೇಸತ್ತವರಲ್ಲೊಬ್ಬರು. ಕೆಟ್ಟದಾಗಿ ಬರೆದ ಜೇಡವೊಂದು ಅವರ ಸರ್ವರನ್ನು ಮುಳುಗಿಸಿತು. ಮುಂದೆ ವೈಜ್ಞಾನಿಕ ಕಾದಂಬರಿಗಳಿಂದ ಹೆಸರಾದ ಚಾರ್ಲ್ಸ್ ಸ್ಟ್ರಾಸ್, ಆ ಜೇಡ ತಮ್ಮದೇ ಎಂದೂ, ಭಾಷೆ ಕಲಿಯುವ ಹುರುಪಿನಲ್ಲಿ ಬರೆದದ್ದೆಂದೂ ತಾವೇ ಹೇಳಿಕೊಂಡಿದ್ದಾರೆ. ಇಲ್ಲಿ ದುಷ್ಟರಾರೂ ಇಲ್ಲವೆಂಬುದನ್ನು ಗಮನಿಸಿ. ಒಬ್ಬ ಕಲಿಯುತ್ತಿದ್ದ, ಇನ್ನೊಬ್ಬನ ಯಂತ್ರ ಬಿತ್ತು, ಅಷ್ಟೆ.

ಕೋಸ್ಟರ್ ಗೋಡೆ ಕಟ್ಟಲು ಹೋಗಲಿಲ್ಲ. 1994ರ ಫೆಬ್ರವರಿಯಲ್ಲಿ ಅವರು ಮುಂದಿಟ್ಟ ಸಲಹೆ ನಮ್ಮ ಬಾಗಿಲ ಬರಹದಷ್ಟೇ ಸರಳ. ಪ್ರತಿ ಸರ್ವರಿನ ಹೊಸ್ತಿಲಲ್ಲಿ ಒಂದು ಚಿಕ್ಕ ಕಡತವಿರಲಿ. ಯಾವ ಬಾಟ್ ಯಾವ ಕೋಣೆಗೆ ಬರಬಾರದೆಂದು ಅದರಲ್ಲಿ ಬರೆದಿರಲಿ. ಬರುವ ಬಾಟ್ ಮೊದಲು ಅದನ್ನು ಓದಲಿ, ಓದಿ ಅದರಂತೆ ನಡೆಯಲಿ. ಮೊದಲು ಆ ಕಡತಕ್ಕೆ ‘ರೋಬಾಟ್ಸ್ ನಾಟ್ ವಾಂಟೆಡ್’ ಎಂಬ ಒರಟು ಹೆಸರಿತ್ತು. ಆಮೇಲೆ ‘ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ’ ಎಂಬ ಸೌಮ್ಯವಾದ ಹೆಸರು ನಿಂತಿತು. ಅದೇ ಜೂನ್ 30ರ ಹೊತ್ತಿಗೆ ಜೇಡ ಬರೆಯುವವರೂ ಸರ್ವರ್ ಇಟ್ಟವರೂ ಕೂಡಿ ಇದಕ್ಕೆ ಒಪ್ಪಿದರು. ಕಾನೂನಿಲ್ಲ, ದಂಡವಿಲ್ಲ, ಸಹಿ ಕೂಡ ಇಲ್ಲ. ಬಾಗಿಲು ಹಾಕಿರುವುದಿಲ್ಲ, ಅದರ ಮೇಲೆ ಬರೆದಿರುತ್ತದೆ. ಓದು ಬಲ್ಲ ದೆವ್ವ ಓದಿಕೊಂಡು ಹೋಗಬೇಕು!

ಇತಿಹಾಸದ ಮೇಷ್ಟರಾದ ನನಗೆ ಇದು ನಮ್ಮ ಶಾಸನಗಳ ಕೊನೆಯ ಸಾಲುಗಳನ್ನು ನೆನಪಿಗೆ ತರುತ್ತದೆ. ದಾನ ಕೊಟ್ಟ ಭೂಮಿಯ ಎಲ್ಲೆಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ, ಇದನ್ನು ಅಳಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟಲಿ ಎಂದು ಶಾಪ ಹಾಕಿ ನಿಲ್ಲಿಸುತ್ತಿದ್ದರು. ಪ್ರವಾಸದಲ್ಲಿ ಬಳ್ಳಿಗಾವೆಯ ಕಲ್ಲುಗಳ ಮುಂದೆ ನಿಮ್ಮನ್ನು ಬಿಸಿಲಲ್ಲಿ ನಿಲ್ಲಿಸಿ ಇದನ್ನು ವಿವರಿಸಿದ್ದೆ, ನೀವು ಬುತ್ತಿಯ ಕಡೆಗೇ ನೋಡುತ್ತಿದ್ದಿರಿ! ಕಾಯುವ ಭಟನಿಲ್ಲದಿದ್ದರೂ ಆ ಮಾತಿಗೆ ಬೆಲೆ ಇತ್ತು, ಏಕೆಂದರೆ ಪಾಪಕ್ಕೆ ಅಂಜುವ ಜನರಿದ್ದರು. ಬಾಟಿಗೆ ಪಾಪಭೀತಿ ಇಲ್ಲ. ಹಾಗಿದ್ದೂ ಕೋಸ್ಟರರ ಚೀಟಿ ಸುಮಾರು ಮೂರು ದಶಕ ನಡೆಯಿತಲ್ಲ, ಅದು ಹೇಗೆ? ನನಗೆ ತೋರುವ ಉತ್ತರವೆಂದರೆ, ಅದರ ಹಿಂದೆ ಒಂದು ಕೊಡು-ಕೊಳ್ಳುವ ವ್ಯವಹಾರವಿತ್ತು.

1994ರಲ್ಲಿ ವೆಬ್‌ಕ್ರಾಲರ್, ಲೈಕಾಸ್, 1995ರ ಡಿಸೆಂಬರಿನಲ್ಲಿ ಆಲ್ಟಾವಿಸ್ಟಾ, ಹೀಗೆ ಹುಡುಕುತಾಣಗಳು ಹುಟ್ಟಿದವು. ಅವುಗಳ ಬಾಟ್ ಬಂದು ನಮ್ಮ ಪುಟವನ್ನು ಓದಿಕೊಂಡು ಹೋದರೆ ಹಿಂದೆಯೇ ಓದುಗರು ಬರುತ್ತಿದ್ದರು. ಹಸುವನ್ನು ಹಿತ್ತಿಲಿಗೆ ಬಿಟ್ಟರೆ ಹುಲ್ಲು ಮೇಯುತ್ತದೆ, ಗೊಬ್ಬರ ಬಿಟ್ಟು ಹೋಗುತ್ತದೆ, ಯಾರಿಗೂ ನಷ್ಟವಿಲ್ಲ. 1998ರಲ್ಲಿ ಸ್ಟ್ಯಾನ್‌ಫರ್ಡಿನ ಸರ್ಗೇ ಬ್ರಿನ್ ಮತ್ತು ಲ್ಯಾರಿ ಪೇಜ್ ತಮ್ಮ ಹೊಸ ಹುಡುಕುಯಂತ್ರ ಗೂಗಲ್ ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಮೋಜಿನ ಭಾಗವಿದೆ. ಅವರ ಬಾಟ್ ಐದು ಲಕ್ಷಕ್ಕೂ ಮಿಕ್ಕಿದ ಸರ್ವರುಗಳನ್ನು ಮುಟ್ಟುತ್ತಿದ್ದುದರಿಂದ ಪತ್ರ, ದೂರವಾಣಿ ಕರೆಗಳು ಬರುತ್ತಲೇ ಇದ್ದುವಂತೆ. ಬಾಟ್ ಎಂದರೇನೆಂದೇ ತಿಳಿಯದ ಯಾರೋ, ನೀವು ನನ್ನ ತಾಣದಲ್ಲಿ ಬಹಳ ಪುಟ ನೋಡಿದಿರಲ್ಲ, ಹೇಗನ್ನಿಸಿತು ಎಂದು ಕೇಳುತ್ತಿದ್ದರಂತೆ! ಇದನ್ನು ಓದಿದಾಗ ನನಗೆ ನಗು ಬಂತು, ಸ್ವಲ್ಪ ಸಂಕಟವೂ ಆಯಿತು. ಯಾರೋ ಬಂದು ನಮ್ಮದನ್ನೆಲ್ಲ ಓದಿದರೆಂದು ನಂಬಿ ಹಿಗ್ಗಿದ ಆ ಮನುಷ್ಯನಲ್ಲಿ ನಾನೂ ಇದ್ದೇನೆ.

ಕನ್ನಡದವರ ಅವಸ್ಥೆ ಆಗ ಬೇರೆಯೇ. ನಮಗೆ ಬಾಟಿನ ಕಾಟವಿರಲಿಲ್ಲ, ಬಾಟಿಗೆ ನಾವೇ ಕಾಣುತ್ತಿರಲಿಲ್ಲ. 2000ದ ಆಸುಪಾಸಿನಲ್ಲಿ ನಮ್ಮ ಜಾಲಪುಟಗಳಲ್ಲಿ ಬಹುಪಾಲು ಒಂದೊಂದು ತಂತ್ರಾಂಶದ ಒಂದೊಂದು ಅಕ್ಷರವಿನ್ಯಾಸದಲ್ಲಿದ್ದವು. ಕಣ್ಣಿಗೆ ಕನ್ನಡ, ಒಳಗೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಬಾಟ್ ಓದಿದರೂ ಅದಕ್ಕೆ ಅರ್ಥವಾಗುವಂತಿರಲಿಲ್ಲ; ಕುವೆಂಪು ಎಂದು ಹುಡುಕಿದರೆ ಆ ಪುಟ ಸಿಗುತ್ತಿರಲಿಲ್ಲ. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿದ್ದರೂ 2001ರ ವಿಂಡೋಸ್ ಎಕ್ಸ್‌ಪಿ ಬಂದ ನಂತರವೇ ಅದು ಮನೆಮನೆಯ ಕಂಪ್ಯೂಟರಿಗೆ ನಿಧಾನವಾಗಿ ಇಳಿದದ್ದು. ಅಂದು ನಾವು ಹುಡುಗನ ಪ್ರಶ್ನೆಯನ್ನು ತಿರುಗಿಸಿ, ಅಯ್ಯೋ, ಈ ದೆವ್ವಕ್ಕೆ ಕನ್ನಡ ಓದಲು ಬರುವುದೆಂದು ಎಂದು ಕಾದಿದ್ದೆವು!

ಅತ್ತ ವ್ಯವಹಾರ ಕೆಟ್ಟಾಗ ಏನಾಗುತ್ತದೆಂಬುದೂ ಆ ಹೊತ್ತಿಗೇ ಕಂಡುಬಂದಿತ್ತು. ಹರಾಜು ನಡೆಸುವ ಈಬೇ ತಾಣಕ್ಕೆ ಬಿಡ್ಡರ್ಸ್ ಎಡ್ಜ್ ಎಂಬ ಕಂಪನಿಯ ಬಾಟ್ ದಿನಕ್ಕೆ ಸುಮಾರು 1,00,000 ಬಾರಿ ಬಂದು ಬೆಲೆಗಳನ್ನು ಬರೆದುಕೊಂಡು ಹೋಗುತ್ತಿತ್ತು. ಬೇಡವೆಂದರೂ, ತಡೆದರೂ ಕೇಳಲಿಲ್ಲ. 2000ದ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ, ಇನ್ನೊಬ್ಬರ ವಸ್ತುವಿನ ಮೇಲೆ ಅಕ್ರಮವಾಗಿ ಕೈ ಮಾಡುವುದಕ್ಕೆ ಸಂಬಂಧಿಸಿದ ಹಳೆಯ ಇಂಗ್ಲಿಷ್ ನ್ಯಾಯತತ್ತ್ವವೊಂದನ್ನು ಹೊರತೆಗೆದು ಆ ಬಾಟಿಗೆ ತಡೆಯಾಜ್ಞೆ ಕೊಟ್ಟಿತು. ಒಬ್ಬನ ಭಾರ ಈಬೇಯಂಥ ದೊಡ್ಡ ಯಂತ್ರಗಳಿಗೆ ಅಲ್ಪವೇ. ಆದರೆ ಇವನಿಗೆ ಬಿಟ್ಟರೆ ನಾಳೆ ಹತ್ತು ಜನ ಇದನ್ನೇ ಮಾಡುತ್ತಾರೆ, ಆಗ ಯಂತ್ರ ನಿಲ್ಲುತ್ತದೆ ಎಂಬ ವಾದಕ್ಕೆ ನ್ಯಾಯಾಲಯ ಮಣೆ ಹಾಕಿತು. ದೊಡ್ಡವರಿಗಾದರೆ ವಕೀಲರುಂಟು. ಚಿಕ್ಕವರು ಕೈಗೆ ಸಿಕ್ಕ ಉಪಾಯಗಳನ್ನೇ ಮಾಡಿಕೊಂಡರು: ಹೆಸರು ನೋಡಿ ತಡೆಯುವುದು, ವಿಳಾಸ ನೋಡಿ ತಡೆಯುವುದು, ಮನುಷ್ಯರ ಕಣ್ಣಿಗೆ ಕಾಣದ ಕೊಂಡಿಯೊಂದನ್ನು ಪುಟದಲ್ಲಿ ಅಡಗಿಸಿಟ್ಟು, ಹೊಸ್ತಿಲ ಚೀಟಿಯಲ್ಲಿ ಅಲ್ಲಿಗೆ ಹೋಗಬೇಡಿ ಎಂದು ಬರೆದು, ಹೋದವರನ್ನು ಹಿಡಿಯುವುದು. ಕೊನೆಯದು ಇಲಿಬೋನಿನ ತತ್ತ್ವ. ನನಗೆ ಬಹಳ ಹಿಡಿಸಿತು. ಅದೇ ನನ್ನನ್ನು ಕೆಡಿಸಿದ್ದೂ ಹೌದು, ಅದನ್ನು ಮುಂದೆ ಹೇಳುತ್ತೇನೆ.

ಚೀಟಿಯನ್ನು ಪಾಲಿಸದಿರುವವರೆಲ್ಲ ಕೇಡಿಗರೆಂದು ತೀರ್ಪು ಕೊಡುವುದೂ ಕಷ್ಟ. 1996ರಲ್ಲಿ ಬ್ರೂಸ್ಟರ್ ಕೇಲ್ ಆರಂಭಿಸಿದ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯ ಬಾಟ್, ಜಾಲದ ಪುಟಗಳ ಪ್ರತಿಗಳನ್ನು ಮುಂದಿನವರಿಗಾಗಿ ಕೂಡಿಡುತ್ತದೆ. ಅವರು ವರ್ಷಗಟ್ಟಲೆ ಚೀಟಿಯನ್ನು ಗೌರವಿಸಿ, 2017ರಲ್ಲಿ, ಇನ್ನು ಮೆಲ್ಲಮೆಲ್ಲನೆ ಅದನ್ನು ಬಿಡುತ್ತೇವೆ ಎಂದರು. ಹುಡುಕುತಾಣಗಳಿಗಾಗಿ ಬರೆದ ಚೀಟಿ ದಾಖಲೆ ಕಾಯುವವರ ಕೆಲಸಕ್ಕೆ ಹೊಂದುವುದಿಲ್ಲ. ತಾಣ ಸತ್ತು, ಹೆಸರನ್ನು ಬೇರೆ ಯಾರೋ ಕೊಂಡು ಹೊಸ ಚೀಟಿ ಅಂಟಿಸಿದರೆ ಹಳೆಯ ಪ್ರತಿಗಳೂ ಕಾಣದಾಗುತ್ತವೆ ಎಂಬುದು ಅವರ ವಾದ. ನಿಂತುಹೋದ ಕೆಲವು ಕನ್ನಡ ತಾಣಗಳ ಲೇಖನಗಳನ್ನು ನಾನು ಓದಿದ್ದು ಅವರ ಭಂಡಾರದಲ್ಲೇ. ಆಹ್ವಾನವಿಲ್ಲದೆ ಬಂದ ಬಾಟ್ ಉಳಿಸಿದ ಸರಕನ್ನು ಸವಿದ ಮೇಲೆ ಎಲ್ಲ ಬಾಟುಗಳನ್ನೂ ಒಂದೇ ಕಸಬರಿಗೆಯಲ್ಲಿ ಗುಡಿಸಲು ನನಗೆ ಮನಸ್ಸಾಗುವುದಿಲ್ಲ.

ಕೋಸ್ಟರರ ಚೀಟಿಗೆ ಜಾಲದ ಅಧಿಕೃತ ನಿಯಮಾವಳಿಯಲ್ಲಿ ಸ್ಥಾನ ಸಿಕ್ಕಿದ್ದು 2022ರ ಸೆಪ್ಟೆಂಬರಿನಲ್ಲಿ, ಅಂದರೆ ಇಪ್ಪತ್ತೆಂಟು ವರ್ಷಗಳ ಬಳಿಕ. 9309ನೆಯ ಸಂಖ್ಯೆಯ ಆ ದಾಖಲೆಗೆ ಕೋಸ್ಟರರೂ ಒಬ್ಬ ಕರ್ತೃ. ಇದು ಪ್ರವೇಶದ ಅಧಿಕಾರವನ್ನು ನಿರ್ಧರಿಸುವ ಸಾಧನವಲ್ಲ ಎಂದು ಅದೇ ದಾಖಲೆ ಒಪ್ಪಿಕೊಂಡಿದೆ. ವಿಪರ್ಯಾಸವೆಂದರೆ ಅದಾದ ಕೆಲವೇ ತಿಂಗಳುಗಳಲ್ಲಿ ಆ ಹಳೆಯ ಕೊಡು-ಕೊಳ್ಳುವಿಕೆ ಮುರಿಯತೊಡಗಿತು.

ಕೇಳಿದ ಪ್ರಶ್ನೆಗೆ ತಾವೇ ಉತ್ತರ ಹೇಳುವ ಕೃತಕ ಬುದ್ಧಿಮತ್ತೆಯ ಯಂತ್ರಗಳನ್ನು ನೀವೆಲ್ಲ ಬಲ್ಲಿರಿ. ಅವುಗಳಿಗೆ ಕಲಿಯಲು ಬರಹ ಬೇಕು, ರಾಶಿ ರಾಶಿ ಬೇಕು. ಅದನ್ನು ತರಲು ಹೊಸ ಬಾಟುಗಳು ಹೊರಟವು. 2023ರ ಆಗಸ್ಟಿನಲ್ಲಿ ಓಪನ್‌ಎಐ ಕಂಪನಿ ತನ್ನ ಬಾಟಿನ ಹೆಸರು ಜಿಪಿಟಿಬಾಟ್ ಎಂದು ಪ್ರಕಟಿಸಿ, ಬೇಡದವರು ಚೀಟಿಯಲ್ಲಿ ಬರೆಯಬಹುದೆಂದಿತು. ಅದು ಮರ್ಯಾದೆಯ ಮಾತು. ಆದರೆ ಹಳೆಯ ಬಾಟ್ ಓದುಗರನ್ನು ನಮ್ಮಲ್ಲಿಗೆ ಕಳಿಸುತ್ತಿತ್ತು, ಇದು ಓದಿಕೊಂಡು ಹೋಗಿ ಅಲ್ಲೇ ಉತ್ತರ ಹೇಳುತ್ತದೆ. ಗೊಬ್ಬರವಿಲ್ಲ, ಮೇವು ಮಾತ್ರ. ಜೊತೆಗೆ ಹೆಸರೇ ಹೇಳದವರೂ ಬಂದರು. ತಂತ್ರಾಂಶಗಳ ಕೈಪಿಡಿಗಳನ್ನು ಬಿಟ್ಟಿಯಾಗಿ ಒದಗಿಸುವ ರೀಡ್ ದ ಡಾಕ್ಸ್ ಎಂಬ ತಾಣದಿಂದ 2024ರ ಮೇ ತಿಂಗಳೊಂದರಲ್ಲೇ ಒಂದು ಬಾಟ್ 73 ಟೆರಾಬೈಟಿನಷ್ಟು ಸರಕನ್ನು ಎಳೆದುಕೊಂಡಿತು. ಅದಕ್ಕಾಗಿ ಆ ತಾಣದವರು ತೆತ್ತ ಸಾಗಾಟದ ವೆಚ್ಚ 5,000 ಡಾಲರಿಗೂ ಹೆಚ್ಚು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ 2025ರ ಏಪ್ರಿಲಿನಲ್ಲಿ ಹೇಳಿದಂತೆ, ಚಿತ್ರ-ವೀಡಿಯೊಗಳಿಗೆ ತಗಲುವ ಸಾಗಾಟ 2024ರ ಜನವರಿಯಿಂದೀಚೆಗೆ ಶೇಕಡ 50ರಷ್ಟು ಏರಿತ್ತು. ಓದಲು ಬಂದ ಮನುಷ್ಯರು ಹೆಚ್ಚಾದದ್ದರಿಂದಲ್ಲ, ಬಾಟುಗಳಿಂದ. ಅವರಿಗೆ ಅತ್ಯಂತ ದುಬಾರಿಯಾಗುವ ಬೇಡಿಕೆಗಳಲ್ಲಿ ಶೇಕಡ 65ರಷ್ಟು ಬಾಟುಗಳದೇ.

ಈಗ ನನ್ನ ಕಪಾಟಿಗೆ ಬರುತ್ತೇನೆ.

ನನ್ನ ಸರ್ವರಿಗೆ ದಿನಕ್ಕೆ ಹತ್ತೋ ಇಪ್ಪತ್ತೋ ಜನ ಬರುತ್ತಿದ್ದರು, ಹೆಚ್ಚಾಗಿ ನೀವೇ. ಬಂದವರ ಲೆಕ್ಕವನ್ನು ಲಾಗ್ ಎಂಬ ಕಡತ ಹಾಜರಿ ಪುಸ್ತಕದಂತೆ ಬರೆದಿಡುತ್ತದೆ. ಬೆಳಗಿನ ಕಾಫಿಯ ಹೊತ್ತಿಗೆ ಅದನ್ನು ನೋಡುವುದು ನನ್ನ ಅಭ್ಯಾಸ. ನನ್ನಲ್ಲಿಲ್ಲದ ವರ್ಡ್‌ಪ್ರೆಸ್ಸಿನ ಬಾಗಿಲು ಎಲ್ಲಿದೆ ಎಂದು ತಡಕಾಡುವ ಕಳ್ಳರು ಮೊದಲಿನಿಂದಲೂ ಇದ್ದರು, ಅವರಿಂದ ತೊಂದರೆಯಿರಲಿಲ್ಲ. 2024ರ ಮಳೆಗಾಲದ ಒಂದು ಬೆಳಿಗ್ಗೆ ನೋಡುತ್ತೇನೆ, ಒಂದೇ ರಾತ್ರಿಯಲ್ಲಿ 40,000ಕ್ಕೂ ಮಿಕ್ಕಿ ಬೇಡಿಕೆಗಳು! ಪೆಟ್ಟಿಗೆ ಮುಟ್ಟಿದರೆ ಬಿಸಿ. ಮಕ್ಕಳ ಪತ್ರಿಕೆಯ ಪ್ರತಿಯೊಂದು ಪುಟವನ್ನೂ, ಪ್ರತಿಯೊಂದು ಚಿತ್ರವನ್ನೂ ಯಾರೋ ಮತ್ತೆ ಮತ್ತೆ ಕೇಳಿದ್ದರು. ಚೀಟಿಯನ್ನು ಬರೆದೆ, ಯಾರೂ ಓದಲಿಲ್ಲ. ಹೆಸರು ನೋಡಿ ತಡೆದೆ, ಮಾರನೆಯ ರಾತ್ರಿ ಅವು ಸಾಮಾನ್ಯ ಜನರು ಬಳಸುವ ಬ್ರೌಸರಿನ ಹೆಸರು ಹೇಳಿಕೊಂಡು ಬಂದವು. ನಮ್ಮವರ ದನಿಯಲ್ಲಿ ಕೂಗುವ ದೆವ್ವ! ಕೆಲವು ಗೂಗಲಿನ ಬಾಟ್ ಎಂದೇ ಹೇಳಿಕೊಂಡವು. ಬಂದ ವಿಳಾಸ ನಿಜವಾಗಿ ಗೂಗಲಿನದೇ ಎಂದು ಜಾಲದ ಹೆಸರುಪಟ್ಟಿಯಲ್ಲಿ ಹಿಂದುಮುಂದಾಗಿ ವಿಚಾರಿಸುವ ಕ್ರಮವಿದೆ. ವಿಚಾರಿಸಿದೆ, ಅಲ್ಲ.

ಆಗ ಇಲಿಬೋನು ಇಟ್ಟೆ. ಸಿಕ್ಕಿದ ವಿಳಾಸಗಳನ್ನು ಒಂದೊಂದಾಗಿ ತಡೆಯುತ್ತ ಹೋದೆ, ಅವು ವಿಳಾಸ ಬದಲಿಸುತ್ತ ಬಂದವು. ಒಂದೊಂದು ವಿಳಾಸದಿಂದ ಒಂದೋ ಎರಡೋ ಬೇಡಿಕೆ, ಅಷ್ಟೇ. ಕೊನೆಗೆ ರೋಸಿಹೋಗಿ, ಬೀದಿಗೆ ಬೀದಿಯನ್ನೇ ಮುಚ್ಚಿದಂತೆ, ವಿಳಾಸಗಳ ಇಡೀ ಗುಂಪುಗಳನ್ನೇ ತಡೆದೆ. ಒಂದು ಸಾಲಿಗೆ 65,536 ವಿಳಾಸಗಳು. ಅಂಥ ಸಾಲುಗಳನ್ನು ಸಂಜೆಯಿಡೀ ಕೂತು ಬರೆದೆ. ರಾತ್ರಿ ಪೆಟ್ಟಿಗೆ ತಣ್ಣಗಿತ್ತು. ಗೆದ್ದೆನೆಂದುಕೊಂಡೆ.

ಒಂದು ತಿಂಗಳ ಮೇಲೆ ಹುಬ್ಬಳ್ಳಿಯಿಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದಳು. ಅವಳ ತಂದೆ ನಮ್ಮ ಶಾಲೆಯಲ್ಲಿ ಜವಾನರಾಗಿದ್ದವರು. ಇಪ್ಪತ್ತಾರು ವರ್ಷ ಗಂಟೆ ಹೊಡೆದವರು, ನಿಮಗೆಲ್ಲ ಗೊತ್ತು. ಅವರು ತೀರಿಕೊಂಡು ವರ್ಷವಾಗಿತ್ತು. ವರ್ಷಾಂತಿಕದ ದಿನ ಇಡಲು ಒಂದು ಒಳ್ಳೆಯ ಚಿತ್ರ ಮನೆಯಲ್ಲಿರಲಿಲ್ಲವಂತೆ. 1994ರ ಬೀಳ್ಕೊಡುಗೆಯ ಗುಂಪುಚಿತ್ರದಲ್ಲಿ ಅವರು ಬಲತುದಿಯಲ್ಲಿ, ಬಿಳಿಯ ಅಂಗಿ ತೊಟ್ಟು ನಿಂತಿದ್ದಾರೆ. ಅದು ನನ್ನ ಸರ್ವರಿನಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಎರಡು ವಾರ ದಿನವೂ ಮೊಬೈಲಿನಲ್ಲಿ ನೋಡಿದ್ದಾಳೆ. ದಿನವೂ 403 ಎಂಬ ಅಂಕಿಯೂ ಪ್ರವೇಶ ನಿಷೇಧಿಸಿದೆ ಎಂಬ ಇಂಗ್ಲಿಷ್ ಸಾಲೂ ಕಂಡಿವೆ.

“ನೀವೇ ತೆಗೆದುಬಿಟ್ರೇನೋ ಅಂದ್ಕೊಂಡೆ ಸರ್. ಕೇಳೋದು ಹೇಗೆ ಅಂತ ಸುಮ್ನಿದ್ದೆ” ಎಂದಳು. ವರ್ಷಾಂತಿಕ ಕಳೆದು ಆರು ದಿನಗಳಾಗಿದ್ದವು.

ಕಾರಣ ಹುಡುಕಲು ನನಗೆ ಒಂದು ರಾತ್ರಿ ಹಿಡಿಯಿತು. ಜಾಲದ ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ನಮ್ಮ ಏಷ್ಯಾ ಭಾಗಕ್ಕೆ ಅವು 2011ರಲ್ಲೇ ಬಹುತೇಕ ಮುಗಿದುಹೋದವು. ಆದ್ದರಿಂದ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಬಹಳಷ್ಟು ಗ್ರಾಹಕರಿಗೆ ಹಂಚುತ್ತವೆ, ವಠಾರಕ್ಕೆಲ್ಲ ಒಂದೇ ಬಾಗಿಲಿದ್ದಂತೆ. ಇನ್ನು ಆ ಬಾಟುಗಳನ್ನು ಓಡಿಸುವವರು ಸಾಮಾನ್ಯ ಜನರ ಮನೆಯ, ಮೊಬೈಲಿನ ಸಂಪರ್ಕಗಳನ್ನೇ ಬಾಡಿಗೆಗೆ ಪಡೆದು, ಹಲವೊಮ್ಮೆ ಆ ಜನರಿಗೇ ತಿಳಿಯದಂತೆ, ಅವುಗಳ ಮರೆಯಲ್ಲಿ ಬರುತ್ತಾರೆ. ನಾನು ಬೋನಿನಲ್ಲಿ ಹಿಡಿದ ವಿಳಾಸವೊಂದು ಅಂಥ ವಠಾರದ್ದು. ಅದರ ಸುತ್ತಣ ಬೀದಿಯನ್ನು ಮುಚ್ಚಿದಾಗ ನನ್ನ ಮಗಳಂಥ ಹುಡುಗಿಯೂ ಹೊರಗುಳಿದಳು. ಬಾಟ್ ಮಾತ್ರ ಬೇರೆ ಬೀದಿಯಿಂದ ಬಂದು, ಅವಳ ತಂದೆಯ ಚಿತ್ರವನ್ನು ಹನ್ನೊಂದು ಬಾರಿ ಕೊಂಡೊಯ್ದಿತ್ತು. ಲಾಗಿನಲ್ಲಿ ಎಣಿಸಿದ್ದೇನೆ.

ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ ನಾನೇ ಹುಬ್ಬಳ್ಳಿಗೆ ಕೊಂಡುಹೋಗಿ ಕೊಟ್ಟೆ. ಅವಳು ಊಟ ಹಾಕಿ ಕಳಿಸಿದಳು, ಏನೂ ಅನ್ನಲಿಲ್ಲ.

ಅಲ್ಲಿಂದೀಚೆಗೆ ನನ್ನ ಕ್ರಮ ಬದಲಾಗಿದೆ. ಬೀದಿಗಳ ಪಟ್ಟಿಯನ್ನು ಪೂರ್ತಿ ಅಳಿಸಿದೆ. ಅತಿಯಾಗಿ ಕೇಳುವ ವಿಳಾಸಕ್ಕೆ ಈಗ 403ರ ನಿಷೇಧವಿಲ್ಲ, 429 ಎಂಬ ಉತ್ತರ ಹೋಗುತ್ತದೆ. ಬಹಳ ಕೇಳಿದೆ, ಇಷ್ಟು ಹೊತ್ತು ಬಿಟ್ಟು ಬಾ ಎಂದು ಅದರರ್ಥ. ಎಷ್ಟು ಹೊತ್ತೆಂಬುದನ್ನು ಸೆಕೆಂಡುಗಳಲ್ಲಿ ನಾವೇ ಬರೆಯಬಹುದು. ನಾನು 86,400 ಎಂದು ಬರೆದಿದ್ದೇನೆ, ಅಂದರೆ ಒಂದು ದಿನ. ನಾಳೆ ಬಾ! ತಡೆಯೂ ಒಂದು ದಿನಕ್ಕೆ ತಾನಾಗಿ ಸಡಿಲುತ್ತದೆ.

ಪತ್ರಿಕೆಯ ದೊಡ್ಡ ಪುಟಗಳ ಮುಂದೆ ‘ಅನುಬಿಸ್’ ಎಂಬ ತಂತ್ರಾಂಶವನ್ನು ಕಾವಲಿಟ್ಟಿದ್ದೇನೆ. ಇದರ ಕಥೆಯೂ ನನ್ನದರಂಥದೇ. 2025ರ ಜನವರಿಯಲ್ಲಿ ಶೀ ಐಯಾಸೋ ಎಂಬ ತಂತ್ರಜ್ಞರ ಸ್ವಂತ ಸರ್ವರನ್ನು ಅಮೆಜಾನ್ ಕಂಪನಿಯ ಬಾಟ್ ಹಣ್ಣು ಮಾಡಿದಾಗ ಅವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಪ್ರಾಚೀನ ಈಜಿಪ್ಟಿನಲ್ಲಿ ಸತ್ತವರ ಹೃದಯವನ್ನು ಗರಿಯೊಡನೆ ತಕ್ಕಡಿಯಲ್ಲಿ ತೂಗುವ ದೇವತೆ ಅನುಬಿಸ್. ಎಂಟನೆಯ ತರಗತಿಯಲ್ಲಿ ಚಿತ್ರ ತೋರಿಸಿದ್ದೆ. ಈ ಅನುಬಿಸ್ ಬಂದವರ ಕಂಪ್ಯೂಟರಿಗೆ ಒಂದು ಲೆಕ್ಕ ಕೊಡುತ್ತದೆ. ಒಬ್ಬರಿಗೆ ಒಂದು ಲೆಕ್ಕ ಭಾರವಲ್ಲ, ಲಕ್ಷ ಪುಟ ಬಾಚಲು ಬಂದವರಿಗೆ ಲಕ್ಷ ಲೆಕ್ಕ ದುಬಾರಿ. ಬೇಡದ ಮಿಂಚಂಚೆಯನ್ನು ತಡೆಯಲು 1997ರಲ್ಲಿ ಆಡಮ್ ಬ್ಯಾಕ್ ರೂಪಿಸಿದ ಹ್ಯಾಶ್‌ಕ್ಯಾಶ್ ಎಂಬ ಉಪಾಯದ ಮುಂದುವರಿಕೆಯಿದು. ಒಂದು ಕೊರತೆಯುಂಟು: ಹಳೆಯ ಮೊಬೈಲುಗಳಲ್ಲಿ ಲೆಕ್ಕ ನಿಧಾನ. ನನ್ನ ಪತ್ನಿಯ ಮೊಬೈಲಿನಲ್ಲಿ ಪರೀಕ್ಷಿಸಿದೆ, “ನಿಮ್ಮ ಶಾಲೆಗೆ ಈಗ ಪ್ರವೇಶ ಪರೀಕ್ಷೆ ಬೇರೆಯೇ?” ಎಂದರು. ಆದ್ದರಿಂದ ಗುಂಪುಚಿತ್ರಗಳ ಮುಂದೆ ಯಾವ ಕಾವಲನ್ನೂ ಇಟ್ಟಿಲ್ಲ. ಅವನ್ನು ಕಿರಿದುಗೊಳಿಸಿ, ಬೇಡಿದವರಿಗೆಲ್ಲ, ಬಾಟಿಗೂ ಸೇರಿ, ಸಿಗುವಂತೆ ಇಟ್ಟಿದ್ದೇನೆ. ಆರ್ಕೈವ್ ಸಂಸ್ಥೆಯ ಬಾಟಿಗೆ ಪತ್ರಿಕೆಯ ಬಾಗಿಲೂ ತೆರೆದಿದೆ, ನನ್ನ ಕಪಾಟು ನನ್ನ ಕಾಲಕ್ಕಷ್ಟೇ.

ಕಲಿಯುವ ಯಂತ್ರಗಳ ಬಾಟುಗಳ ವಿಷಯದಲ್ಲಿ ನನಗಿನ್ನೂ ಮನಸ್ಸು ನಿಂತಿಲ್ಲ. ಅವು ಕನ್ನಡ ಕಲಿಯುವುದಾದರೆ 1987ರಲ್ಲಿ ಹಳ್ಳಿಯ ಹುಡುಗಿಯೊಬ್ಬಳು ತನ್ನ ಎಮ್ಮೆಯ ಬಗ್ಗೆ ಬರೆದ ಪ್ರಬಂಧದಿಂದ ಕಲಿಯಲಿ ಎಂದು ಒಮ್ಮೆ ಅನಿಸುತ್ತದೆ. ಕೇಳದೆ ಕೊಂಡೊಯ್ದರೆ ಆ ಹುಡುಗಿಗೆ ನಾನೇನು ಹೇಳಲಿ ಎಂದು ಮರುಕ್ಷಣ ಅನಿಸುತ್ತದೆ. ಬರೆದವರಲ್ಲಿ ಸಿಕ್ಕವರನ್ನೆಲ್ಲ ಒಬ್ಬೊಬ್ಬರಾಗಿ ಕೇಳುತ್ತಿದ್ದೇನೆ. ಹೂಂ ಎಂದವರ ಪುಟಗಳನ್ನು ಬೇರೆ ಕೋಣೆಗೆ ಸಾಗಿಸಿ, ಹೆಸರು ಹೇಳಿ, ಚೀಟಿ ಓದಿ ಬರುವ ಬಾಟುಗಳಿಗೆ ಅಲ್ಲಿ ಬರಲು ಅನುಮತಿ ಬರೆದಿದ್ದೇನೆ. ಎಮ್ಮೆಯ ಪ್ರಬಂಧದವಳು ಮಾತ್ರ ಇನ್ನೂ ಸಿಕ್ಕಿಲ್ಲ. ಮದುವೆಯಾಗಿ ಶಿರಸಿಯ ಕಡೆ ಹೋದಳೆಂದು ಕೇಳಿದ್ದೇನೆ, ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.

ಹಾಗೆಯೇ, ಯಾವುದಾದರೂ ಚಿತ್ರವೋ ಪುಟವೋ ತೆರೆಯದಿದ್ದರೆ ಸಂಕೋಚಪಟ್ಟು ಸುಮ್ಮನಿರಬೇಡಿ. ನನ್ನ ದೂರವಾಣಿ ಸಂಖ್ಯೆ ಬದಲಾಗಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಮಲಗಿರುತ್ತೇನೆ.